ಮತ್ತೆ ನವಿಲುತೀರ್ಥಕ್ಕೆ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಸವದತ್ತಿಯ ಬಳಿ ಎರಡು ಗುಡ್ಡಗಳ ನಡುವಿನ ಕಿರಿದಾದ ಕಮರಿಯಲ್ಲಿ ದಾರಿ ಮಾಡಿಕೊಂಡಿದ್ದಾಳೆ. ಅದುವೇ ನವಿಲುತೀರ್ಥ.

ಹುಬ್ಬಳ್ಳಿಯ ವೃದ್ಧ ದಂಪತಿಗಳಿಬ್ಬರು ಈಚೆಗೆ ಇಲ್ಲಿಗೆ ಮರಳಿ ಬಂದರು. ಮದುವೆಯ ಹೊಸತರಲ್ಲಿ, 1966ರಲ್ಲಿ, ಎಲ್ಲಮ್ಮನ ಗುಡ್ಡದ ದರ್ಶನ ಮುಗಿಸಿ ಅವರು ಈ ಕಮರಿಯನ್ನು ಕಂಡಿದ್ದರು. ಆಗಿನ್ನೂ ಅಣೆಕಟ್ಟಿನ ಕೆಲಸ ಮುಗಿದಿರಲಿಲ್ಲ. ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಹೊಳೆಯ ನೀರನ್ನೇ ಬೊಗಸೆಯಲ್ಲಿ ಕುಡಿದಿದ್ದರು.

1970ರ ದಶಕದ ಆರಂಭದಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರಾಯಿತು. ಅದರ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಕಾಲುವೆಗಳು ಎರೆಭೂಮಿಗೆ ನೀರುಣಿಸಿದವು. ಹಲವು ಹಳ್ಳಿಗಳು ನೀರಿನಡಿ ಸೇರಿದವು. ಆಕೆಯ ತವರೂರೂ ಅವುಗಳಲ್ಲೊಂದು.

ಪತಿಯು ಅಂದು ಕುಳಿತಿದ್ದ ಬಂಡೆಯನ್ನು ಅರಸುತ್ತ ಅಣೆಕಟ್ಟಿನ ಕೆಳಭಾಗದತ್ತ ನೋಡಿದರು. ಪತ್ನಿಯ ದೃಷ್ಟಿ ಮಾತ್ರ ಜಲರಾಶಿಯಲ್ಲಿ ನೆಟ್ಟಿತ್ತು.

“ನಮ್ಮ ಅವ್ವನ ಮನಿ ಅಲ್ಲೇ ಎಲ್ಲೋ ಇತ್ತ್ರಿ. ಬಾಗಿಲ ಮುಂದ ಬೇವಿನ ಗಿಡ ಇತ್ತು,” ಎಂದರು ಆಕೆ.

ಪತಿಗೆ ಸಮಾಧಾನದ ಮಾತು ತೋಚಲಿಲ್ಲ. ತುಸು ಹೊತ್ತಿನ ಮೇಲೆ, “ಹುಬ್ಬಳ್ಳಿ ನಳಕ್ಕ ಬರೋದೂ ಇದೇ ಹೊಳಿ ನೀರು,” ಎಂದರು.

ಆಕೆ ತಲೆಯಾಡಿಸಿದರು. “ಹಂಗಾರ ಇಷ್ಟು ವರ್ಷ ತವರಿನ ನೀರೇ ಕುಡದೇನಿ,” ಎಂದು ಸೆರಗಿನಿಂದ ಕಣ್ಣೊರಸಿಕೊಂಡರು.

ಇಳಿಬಿಸಿಲಿನಲ್ಲಿ ರೇಣುಕಾಸಾಗರವು ಶಾಂತವಾಗಿ ಮಿನುಗುತ್ತಿತ್ತು. ಹೊರಡುವ ಮುನ್ನ ಆಕೆ ಬುತ್ತಿಯಲ್ಲಿದ್ದ ರೊಟ್ಟಿಯ ತುಣುಕೊಂದನ್ನು ನೀರಿಗೆ ಅರ್ಪಿಸಿದರು.