ವೈಯಾವೃತ್ಯ: ಒಂದು ಸಂಜೆಯ ಊಟದ ಪ್ರಸಂಗ

ನನ್ನ ಅತ್ತಿಗೆಯವರನ್ನು ಶ್ರೀರಾಂಪುರದ ಒಂದು ವೃದ್ಧರ ಶುಶ್ರೂಷಾಲಯಕ್ಕೆ ಸೇರಿಸಿದ ದಿನ ನಮ್ಮ ಮನೆಯಲ್ಲಿ ಯಾರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದಿದ್ದ ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವುದೆಂದು ವೈದ್ಯರು ತಿಳಿಸಿದ್ದರು. ಅವರ ಮಕ್ಕಳು ದೂರದ ಊರುಗಳಲ್ಲಿರುವರು. ಮನೆಯಲ್ಲಿದ್ದ ನಾವಿಬ್ಬರೂ ಅರವತ್ತು ದಾಟಿದವರು. ಸೇರಿಸಿದ್ದು ತಪ್ಪೆಂದು ಇಂದಿಗೂ ನನಗೆ ತೋರುವುದಿಲ್ಲ. ತಪ್ಪಾದದ್ದು ಆಮೇಲೆ.

ತಿಂಗಳ ಮೊದಲ ವಾರ ಹಣ ಕಟ್ಟಿ ರಸೀದಿ ತಂದು ಫೈಲಿಗೆ ಸೇರಿಸುತ್ತಿದ್ದೆ. ವ್ಯಾಪಾರಿಯ ಬುದ್ಧಿ, ಬಾಕಿ ತೀರಿದರೆ ಖಾತೆ ಮುಗಿಯಿತೆಂಬ ನೆಮ್ಮದಿ. ಮೂರನೆಯ ತಿಂಗಳಲ್ಲಿ ಅತ್ತಿಗೆಯವರ ತೂಕ ಇಳಿಯತೊಡಗಿತು. ದಾದಿಯರ ಪುಸ್ತಕದಲ್ಲಿ ದಿನವೂ ಒಂದೇ ಮಾತು: ‘ರಾತ್ರಿಯ ಊಟ ಬೇಡವೆಂದರು.’ ಅಲ್ಲಿ ಊಟ ಬಡಿಸುತ್ತಿದ್ದುದು ಏಳೂವರೆಗೆ. ಜೀವಮಾನದಲ್ಲಿ ರಾತ್ರಿಭೋಜನ ಮಾಡದ ಆ ತಾಯಿ, ತಟ್ಟೆ ತಂದಿಟ್ಟವರ ಮನಸ್ಸು ನೋಯದಿರಲೆಂದು ಕಾರಣವನ್ನೂ ಹೇಳದೆ ಹಸಿದೇ ಮಲಗುತ್ತಿದ್ದರು. ಅಲ್ಲಿಯವರಿಗೆ ನಮ್ಮ ಆಚಾರ ತಿಳಿಯದು. ತಿಳಿದಿದ್ದ ನಾನು ಹೇಳಿರಲಿಲ್ಲ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ವೈಯಾವೃತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿ, ಅದಕ್ಕೆ ಪಾತ್ರರಾದ ಹತ್ತು ವರ್ಗದವರಲ್ಲಿ ‘ಗ್ಲಾನ’ರನ್ನು, ಎಂದರೆ ರೋಗದಿಂದ ಬಳಲಿದವರನ್ನು, ಹೇಳಿದ್ದಾರೆ. ಅದು ಮುನಿಸಂಘಕ್ಕೆ ಹೇಳಿದ ಮಾತು, ಗೃಹಸ್ಥರ ಮುದುಕರಿಗಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪತಕ್ಕ ಆಕ್ಷೇಪವೇ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಶ್ರಾವಕರ ಶಿಕ್ಷಾವ್ರತವನ್ನಾಗಿಯೇ ಇರಿಸಿದ್ದಾರೆ. ದಾನದೊಡನೆ ಸಂಕಟ ಪರಿಹರಿಸುವುದನ್ನೂ ಕಾಲೊತ್ತುವುದನ್ನೂ ಸೇರಿಸಿದ್ದಾರೆ. ಸಂಯಮಿಗಳ ಕಾಲೊತ್ತಲು ಕಲಿತ ಕೈ ಮನೆಯ ಹಿರಿಯರ ಮುಂದೆ ಹಿಂಜರಿಯಬೇಕೇಕೆ? ನಿರ್ವಿಚಿಕಿತ್ಸಾ ಅಂಗಕ್ಕೆ ಅವರು ಹೆಸರಿಸುವ ಉದ್ದಾಯನ ರಾಜನ ಕಥೆಯನ್ನು ನಾವೆಲ್ಲ ಬಲ್ಲೆವು. ರೋಗಿ ಮುನಿಯ ವಾಂತಿಯನ್ನು ಅವನು ತನ್ನ ಕೈಯಿಂದಲೇ ತೊಳೆದನು. ಸೇವಕರನ್ನು ಕರೆಯಲಿಲ್ಲ.

2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಗೆ ಮೀರದ ಜೀವನಾಂಶವನ್ನು ಕೊಡಿಸಬಲ್ಲದು. ಹಾಸಿಗೆಯ ಪಕ್ಕದಲ್ಲಿ ಅರ್ಧ ಗಂಟೆ ಕೂರುವವರನ್ನು ಯಾವ ಕಾಯ್ದೆಯೂ ಕೊಡಿಸದು.

ನಾವು ಮಾಡಿದ್ದು ದೊಡ್ಡದೇನಲ್ಲ. ಮೈಸೂರಿನಲ್ಲಿ ಚಳಿಗಾಲದ ಸೂರ್ಯ ಆರರ ಸುಮಾರಿಗೇ ಮುಳುಗುವನು. ಐದೂವರೆಗೆ ಊಟ ಕೊಡಲು ವ್ಯವಸ್ಥಾಪಕರು ಒಪ್ಪಿದರು, ಊಟದ ಅನಂತರದ ಮಾತ್ರೆಗಳ ವೇಳೆಯನ್ನು ವೈದ್ಯರು ಹೊಂದಿಸಿದರು. ಆಲೂಗಡ್ಡೆ, ಈರುಳ್ಳಿಗಳಿಲ್ಲದ ಪಲ್ಯವನ್ನು ನೆರೆಹೊರೆಯ ಐದು ಮನೆಗಳವರು ಸರದಿಯಲ್ಲಿ ಒಯ್ಯತೊಡಗಿದರು. ಒಯ್ದವರು ಕೂತು ಮಾತಾಡಿ ಬರಬೇಕೆಂಬುದೊಂದೇ ಕಟ್ಟಳೆ. ಅಲ್ಲಿ ಮಗನ ಹೆಸರನ್ನೂ ಮರೆತಿರುವ ಒಬ್ಬ ಹಿರಿಯರು ಣಮೋಕಾರ ಕೇಳಿದೊಡನೆ ತುಟಿ ಅಲುಗಿಸಿ ಕೊನೆಯವರೆಗೂ ಹೇಳುವುದನ್ನು ಕಂಡದ್ದು ಹೀಗೆ ಹೋದ ಹುಡುಗರೇ. ಎಳವೆಯಲ್ಲಿ ಬಾಯಿಪಾಠವಾದದ್ದು ಮರೆವಿನ ರೋಗದಲ್ಲಿ ಬಹುಕಾಲ ಉಳಿಯುವುದೆಂದು ವೈದ್ಯರು ವಿವರಿಸಿದರು. ಜೈನರಲ್ಲದ ವೃದ್ಧರೂ ಈಗ ಐದೂವರೆಗೆ ನಮ್ಮವರ ದಾರಿ ಕಾಯುತ್ತಾರೆ.

ಪ್ರತ್ಯೇಕ ಜೈನ ವೃದ್ಧಾಶ್ರಮವನ್ನೇ ಕಟ್ಟಿಸೋಣವೆಂದು ಕೆಲವರು ಸೂಚಿಸಿದರು. ನನಗೆ ಅನುಮಾನ. ಕಟ್ಟಡಕ್ಕೆ ದಾನಿಗಳು ದೊರೆಯುವರು, ಗೋಡೆಯಲ್ಲಿ ಹೆಸರು ಕೆತ್ತಿಸುವರು. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಲು ತರಬೇತಾದ ದಾದಿ ಬೇಕು. ಚಾಮುಂಡಿಬೆಟ್ಟದ ತಪ್ಪಲಿನ ಪಿಂಜ್ರಾಪೋಲಿನ ದನಗಳ ಮೇವಿಗೆ ಕೇಳಿದೊಡನೆ ಕೊಡುವ ನಾವು, ಇರುವ ಶುಶ್ರೂಷಾಲಯಗಳಿಗೆ ಒಬ್ಬ ದಾದಿಯ ಸಂಬಳವನ್ನು ಸಮಾಜದಿಂದ ಕೊಡಬಾರದೇ?

ಕಳೆದ ದಶಲಕ್ಷಣ ಪರ್ವದಲ್ಲಿ ಅತ್ತಿಗೆಯವರು ಬಸದಿಗೆ ಹೋಗಬೇಕೆಂದರು. ಗಾಲಿಕುರ್ಚಿಯಲ್ಲಿ ಕರೆದೊಯ್ದೆವು. ಬಾಗಿಲ ಮುಂದೆ ಮೂರು ಮೆಟ್ಟಿಲು. ನಾಲ್ವರು ಹುಡುಗರು ಕುರ್ಚಿ ಸಮೇತ ಎತ್ತಿ ಒಳಗಿಳಿಸಿದರು; ಅವರು ಸಂಕೋಚದಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಮಾಡಿಸಬೇಕೆಂಬ ನನ್ನ ಅರ್ಜಿ ಟ್ರಸ್ಟಿನ ಮುಂದಿದೆ. ಮುಂದಿನ ಸಭೆಗೆ ಅತ್ತಿಗೆಯವರನ್ನೂ ಕರೆದೊಯ್ಯುವೆನೆಂದು ಕಾರ್ಯದರ್ಶಿಗಳಿಗೆ ತಿಳಿಸಿದ್ದೇನೆ.