ದನಿ ಒಡೆದ ಹುಡುಗ

ಡೋಣಿ ಸೀಮೆಯ ಕರಿಮಣ್ಣಿನಲ್ಲಿ ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ಹಳ್ಳಿಯ ಕಟ್ಟೆಗಳ ಮೇಲೆ ಒಂದೇ ಮಾತು: "ಈ ಸಲ ಜಾತ್ರಿಗೆ ಯಾವ ನಾಟಕ?" ತೇರು, ಬೆಂಡು-ಬತ್ತಾಸು, ಬಳೆಯಂಗಡಿ ಇವಿಷ್ಟೇ ಇದ್ದರೆ ಅದು ಪೂರ್ತಿ ಜಾತ್ರೆಯಲ್ಲ. ರಾತ್ರಿ ಹತ್ತಕ್ಕೆ ಪರದೆ ಮೇಲೇಳಬೇಕು, ಪೇಟಿಯ ಸುರು ಕೇಳಬೇಕು, ಬೆಳಗಿನ ಜಾವದವರೆಗೆ ಊರ ಮಂದಿ ಕಂಬಳಿ ಹೊದ್ದು ಕುಳಿತಿರಬೇಕು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ಕಂಪನಿಗಳ ನಾಟಕ ನೋಡಿ ಬಂದವರಂತೂ ಅಲ್ಲಿಯ ಹಾಡುಗಳ ಧಾಟಿಯನ್ನು ಬಾಯಲ್ಲಿಟ್ಟುಕೊಂಡೇ ಊರು ಸೇರುತ್ತಾರೆ.

ನಾಟಕ ಯಾವುದೆಂದು ತೀರ್ಮಾನವಾದ ಮೇಲೆ ಬರುವುದು ಪಾತ್ರ ಹಂಚುವ ರಾತ್ರಿ. ಹಲವು ಊರುಗಳಲ್ಲಿ ಇದು ಸುಲಭದ ಲೆಕ್ಕ. ಖರ್ಚಿಗೆ ಹೆಚ್ಚು ಪಟ್ಟಿ ಕೊಟ್ಟವನಿಗೆ ದೊಡ್ಡ ಪಾತ್ರ, ಕಡಿಮೆ ಕೊಟ್ಟವನಿಗೆ ಸಣ್ಣ ಪಾತ್ರ. ರಾಜನ ಕಿರೀಟ ಕಿಸೆಯ ಭಾರ ನೋಡಿ ತಲೆಗೇರುತ್ತದೆ. ಆದರೆ ಹಾಡು ಹೆಚ್ಚಿರುವ ನಾಟಕವಾದರೆ ಈ ಲೆಕ್ಕ ತಪ್ಪುತ್ತದೆ. ಮಾತನ್ನು ಹೇಗೋ ಒಪ್ಪಿಸಬಹುದು. ಸ್ವರವನ್ನು ಸಾಲ ತರಲಾಗದು. ಆಗ ಪೇಟಿ ಮಾಸ್ತರರು ಎಲ್ಲರೆದುರು ಪರೀಕ್ಷೆ ನಡೆಸಲೇಬೇಕಾಗುತ್ತದೆ. ಯಾರು ಬೇಕಾದರೂ ಬರಬಹುದು, ಹಾಡಬಹುದು. ಇಡೀ ಊರೇ ಕುಳಿತು ಕೇಳುತ್ತದೆ.

ಹೂವಿನ ಹಿಪ್ಪರಗಿಯಲ್ಲಿ ಇಂಥದೊಂದು ರಾತ್ರಿ ಎಂಟನೆಯ ಇಯತ್ತೆಯ ಹುಡುಗನೊಬ್ಬ ಗುಡಿಯ ಮುಂದಿನ ಕಟ್ಟೆಯ ಮೇಲೆ ನಿಂತಿದ್ದ. ಇದು ಹಿಂದಿನ ಮಾತು. ಜಿಲ್ಲೆಗೆ ಬಿಜಾಪುರ ಎಂಬ ಹೆಸರೇ ಇತ್ತು, ವಿಜಯಪುರ ಎಂದಾದದ್ದು 2014ರಲ್ಲಿ. ಊರವರು ಆ ವರ್ಷ ಭಕ್ತ ಪ್ರಹ್ಲಾದನ ಕಥೆಯ ನಾಟಕ ಆಡಬೇಕೆಂದಿದ್ದರು. ಪ್ರಹ್ಲಾದನ ಪಾತ್ರಕ್ಕೆ ಎಳೆಯ ದನಿ ಬೇಕು, ಮೇಲಿನ ಷಡ್ಜಕ್ಕೆ ಸಲೀಸಾಗಿ ಏರಬೇಕು. ಈ ಹುಡುಗ ಎರಡು ವರ್ಷದಿಂದ ಶಾಲೆಯ ಪ್ರಾರ್ಥನೆಗೆ ಮುಂದೆ ನಿಂತು ಹಾಡುತ್ತಿದ್ದವನು. ಪಾತ್ರ ಅವನಿಗೇ ಎಂದು ಗೆಳೆಯರೆಲ್ಲ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಒಂದು ತಿಂಗಳಿಂದ ದನ ಕಾಯುವಾಗಲೂ, ನೀರು ತರುವಾಗಲೂ ಅವನ ಬಾಯಲ್ಲಿ ಪ್ರಹ್ಲಾದನ ಹಾಡುಗಳೇ.

ಪೇಟಿ ಮಾಸ್ತರರು ಕಪ್ಪು ನಾಲ್ಕರ ಮನೆ ಒತ್ತಿ ಸುರು ಕೊಟ್ಟರು. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೆಯ ಸಾಲಿಗೆ ದನಿ ಮೇಲೇರಬೇಕಾದ ಜಾಗದಲ್ಲಿ ಒಂದು ವಿಚಿತ್ರ ಸದ್ದು ಹೊರಟಿತು. ಅರ್ಧ ಹುಡುಗನದು, ಅರ್ಧ ಗಂಡಸಿನದು. ಮಂದಿ ನಕ್ಕರು. ಮಾಸ್ತರರು ಕೈ ಎತ್ತಿ ನಗು ನಿಲ್ಲಿಸಿ, ಬಿಳಿ ನಾಲ್ಕಕ್ಕೆ ಇಳಿಸಿ "ಇನ್ನೊಮ್ಮಿ" ಎಂದರು. ಅಲ್ಲಿಯೂ ದನಿ ಅದೇ ಜಾಗದಲ್ಲಿ ಜಾರಿತು. ಈ ಸಲ ನಗು ಇನ್ನೂ ಜೋರಾಗಿತ್ತು. ಹುಡುಗ ಕಟ್ಟೆಯಿಂದ ಇಳಿದವನು ಹಿಂತಿರುಗಿ ನೋಡಲಿಲ್ಲ. ಪ್ರಹ್ಲಾದನ ಪಾತ್ರ ಐದನೆಯ ಇಯತ್ತೆಯ ಒಬ್ಬ ಚಿಕ್ಕ ಹುಡುಗನಿಗೆ ಹೋಯಿತು.

ಮಂದಿಯ ನಡುವೆ ಕುಳಿತಿದ್ದ ಅವನ ತಂದೆ ಮನೆಗೆ ಬಂದು ಒಂದೇ ಮಾತು ಹೇಳಿದರು: "ಇನ್ನ ಮ್ಯಾಲ ನಾಟಕದ ಸುದ್ದಿ ಎತ್ತಬ್ಯಾಡ. ಪರೀಕ್ಷಾ ಬಂದಾವು." ಅದು ಸಿಟ್ಟಿನ ಮಾತಾಗಿರಲಿಲ್ಲ. ಮಗನಿಗಾದ ಅವಮಾನವನ್ನು ಮುಚ್ಚಲು ತಂದೆಯ ಕೈಗೆ ಸಿಕ್ಕ ಬಟ್ಟೆ ಅದೊಂದೇ. ಆದರೆ ಹುಡುಗನಿಗೆ ಕೇಳಿಸಿದ ಅರ್ಥ ಬೇರೆ. ಆ ದಿನದಿಂದ ಅವನು ಶಾಲೆಯ ಪ್ರಾರ್ಥನೆಗೂ ಹಿಂದಿನ ಸಾಲಿಗೆ ಸರಿದ; ತುಟಿ ಅಲ್ಲಾಡಿಸುತ್ತಿದ್ದ, ಹಾಡುತ್ತಿರಲಿಲ್ಲ.

ಆ ರಾತ್ರಿ ನಡೆದದ್ದೇನು? ಅಭ್ಯಾಸ ಕಡಿಮೆಯಾಗಿತ್ತೆ? ಹುಡುಗ ಅಂಜಿದನೆ? ಎರಡೂ ಅಲ್ಲ. ಅವನ ಗಂಟಲಿನಲ್ಲಿ ನಿಸರ್ಗ ತನ್ನ ಕೆಲಸ ಶುರುಮಾಡಿತ್ತು, ಅಷ್ಟೇ. ಗಂಡುಮಕ್ಕಳಲ್ಲಿ ಸಾಮಾನ್ಯವಾಗಿ 12ರಿಂದ 15ರ ವಯಸ್ಸಿನೊಳಗೆ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆಯುತ್ತದೆ. ಕುತ್ತಿಗೆಯ ಮುಂದೆ ಉಬ್ಬು ಕಾಣಿಸುವುದು ಅದರಿಂದಲೇ. ಒಳಗಿನ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ತಂಬೂರಿಯ ತಂತಿ ಉದ್ದ ಹಾಗೂ ದಪ್ಪವಾದಷ್ಟೂ ನಾದ ಕೆಳಗಿಳಿಯುವ ಹಾಗೆ ಇಲ್ಲಿಯೂ ದನಿ ಇಳಿಯುತ್ತದೆ. ಚಿಕ್ಕ ಹುಡುಗ ಮಾತಾಡುವಾಗ ಸೆಕೆಂಡಿಗೆ ಸುಮಾರು 250 ಸಲ ಕಂಪಿಸುವ ತಂತುಗಳು, ಅವನು ದೊಡ್ಡವನಾದ ಮೇಲೆ 120 ಸಲದ ಆಸುಪಾಸಿಗೆ ಬರುತ್ತವೆ. ಅಂದರೆ ಹೆಚ್ಚು ಕಡಿಮೆ ಒಂದು ಪೂರ್ತಿ ಸಪ್ತಕ ಕೆಳಗೆ! ಹೆಣ್ಣುಮಕ್ಕಳ ದನಿಯೂ ಈ ವಯಸ್ಸಿನಲ್ಲಿ ಇಳಿಯುತ್ತದೆ. ಆದರೆ ಎರಡು ಮೂರು ಸ್ವರದಷ್ಟು ಮಾತ್ರ, ಆದ್ದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ.

ತಂತುಗಳು ಬೆಳೆದರೂ ಅವನ್ನು ಬಿಗಿಹಿಡಿಯುವ ಸ್ನಾಯುಗಳಿಗೆ ಹೊಸ ಅಳತೆ ಕೂಡಲೇ ಕೈಗೂಡುವುದಿಲ್ಲ. ಹಳೆಯ ಬಂಡಿಗೆ ಹೊಸ ಎತ್ತು ಹೂಡಿದಂತೆ ಕೆಲವು ಕಾಲ ಓಟ ತಪ್ಪುತ್ತದೆ. ಇದಕ್ಕೇ ದನಿ ಒಡೆಯುವುದು ಎನ್ನುತ್ತಾರೆ. ಕೆಲವರಲ್ಲಿ ಕೆಲವೇ ತಿಂಗಳು, ಕೆಲವರಲ್ಲಿ ವರ್ಷದ ಮೇಲೂ ಇದು ನಡೆಯಬಹುದು. ಇದು ರೋಗವಲ್ಲ, ಔಷಧ ಬೇಕಿಲ್ಲ. ಆ ಅವಧಿಯಲ್ಲಿ ಕಿರುಚಿ ಹಾಡದೆ, ಸುಲಭವಾಗಿ ಬರುವ ಸ್ವರಗಳಲ್ಲಿ ಮೆಲ್ಲಗೆ ಹಾಡುತ್ತಿದ್ದರೆ ಸಾಕು.

ಕನ್ನಡ ನಾಡಿನ ಸಂಗೀತಕ್ಕೂ ನಾಟಕಕ್ಕೂ ಇಂಥ ಹುಡುಗರ ಋಣ ದೊಡ್ಡದು. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಚಿಕ್ಕವರಿದ್ದಾಗಲೇ ನಾಟಕ ಕಂಪನಿ ಸೇರಿ ಪ್ರಹ್ಲಾದ, ಧ್ರುವರ ಪಾತ್ರಗಳಲ್ಲಿ ಹಾಡಿದವರು. ಆ ಹಾಡು ಕೇಳಿಯೇ ಮಿರಜಿನ ನೀಲಕಂಠ ಬುವಾ ಅವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಪ್ರಹ್ಲಾದನ ಎಳೆಯ ದನಿ ಅವರಲ್ಲಿಯೂ ಉಳಿಯಲಿಲ್ಲ, ಉಳಿಯುವಂತೆಯೂ ಇರಲಿಲ್ಲ. ಉಳಿದದ್ದು, ಬೆಳೆದದ್ದು ಸ್ವರದ ತಿಳಿವು. ಗಂಗೂಬಾಯಿ ಹಾನಗಲ್ಲರ (1913-2009) ಕಥೆ ಇನ್ನೂ ದೊಡ್ಡದು. ಅವರ ಆರಂಭದ ಧ್ವನಿಮುದ್ರಿಕೆಗಳಲ್ಲಿ ಇರುವುದು ತೆಳುವಾದ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಡುಸಾಗಿ, ಗಂಡುದನಿಯಂತೆ ಕೇಳತೊಡಗಿತು. ಆ ಗಡುಸು ದನಿಯೇ ಮುಂದೆ ದೇಶವೆಲ್ಲ ತಲೆದೂಗಿದ ದನಿಯಾಯಿತು. ಬದಲಾದ ದನಿಯನ್ನು ಕೆಟ್ಟ ದನಿ ಎಂದುಕೊಂಡು ಅವರು ಸುಮ್ಮನಾಗಿದ್ದರೆ ನಷ್ಟ ಯಾರಿಗೆ?

ಹಿಪ್ಪರಗಿಯ ಹುಡುಗನಿಗೆ ಇದೆಲ್ಲ ಹೇಳುವವರು ಯಾರೂ ಇರಲಿಲ್ಲ. ಆದರೆ ಪೇಟಿ ಮಾಸ್ತರರಿಗೆ ಅನುಭವವಿತ್ತು. ನಾಲ್ಕನೆಯ ದಿನ ಅವರೇ ಮನೆಗೆ ಬಂದರು. ಚಹಾ ಕುಡಿಯುತ್ತ ತಂದೆಗೆ ಹೇಳಿದರು: "ಅವನ ದನಿ ಒಡದೈತಿ, ಹುಡುಗ ಒಡದಿಲ್ಲ. ಕಿವಿಯಂತೂ ಒಡದಿಲ್ಲ. ಆ ಸಣ್ಣವಗ ದನಿ ಐತಿ, ಹಾಡು ಗೊತ್ತಿಲ್ಲ. ಇವಗ ಹಾಡು ಗೊತ್ತೈತಿ. ದಿನಾ ಒಂದು ತಾಸು ಕಳಸ್ರಿ. ಪರೀಕ್ಷಾದ ಅಭ್ಯಾಸ ಬಿಡಿಸಂಗಿಲ್ಲ."

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ "ಒಂದ ತಾಸು" ಎಂದರು.

ಮೊದಲೆರಡು ದಿನ ಹುಡುಗ ಮೂಲೆಯಲ್ಲಿ ಕುಳಿತ. ತನಗೆ ಬರಬೇಕಿದ್ದ ಪಾತ್ರವನ್ನು ಬೇರೆಯವನಿಗೆ ಕಲಿಸುವುದು ಯಾರಿಗಾದರೂ ಸುಲಭವೆ? ಮೂರನೆಯ ದಿನ ಚಿಕ್ಕ ಹುಡುಗ ಒಂದು ಸ್ವರವನ್ನು ಪದೇ ಪದೇ ತಪ್ಪುತ್ತಿದ್ದುದನ್ನು ಇವನಿಗೆ ಕೇಳಲಾಗಲಿಲ್ಲ. ಎದ್ದು ಬಂದು ತನ್ನ ಒಡೆದ ದನಿಯಲ್ಲೇ ಒಂದು ಸಪ್ತಕ ಕೆಳಗೆ ಹಾಡಿ ತೋರಿಸಿದ. ಆ ಕೆಳಗಿನ ಮನೆಗಳಲ್ಲಿ ದನಿ ಜಾರಲಿಲ್ಲ. ಅದು ಅವನಿಗೂ ಹೊಸ ಸುದ್ದಿ. ಜಾತ್ರೆಯ ರಾತ್ರಿ ಅವನು ಪರದೆಯ ಮಗ್ಗುಲಲ್ಲಿ ನಾಟಕದ ಪುಸ್ತಕ ಹಿಡಿದು ನಿಂತಿದ್ದ. ಪ್ರಹ್ಲಾದನಿಗೆ ಚಪ್ಪಾಳೆ ಬಂತು; ಪುಸ್ತಕ ಹಿಡಿದವನು ಯಾರಿಗೂ ಕಾಣಲಿಲ್ಲ. ಒಳಗೆ ಬಂದ ಚಿಕ್ಕ ಪ್ರಹ್ಲಾದ ಮಾತ್ರ ಮೊದಲು ಇವನ ಹತ್ತಿರವೇ ಓಡಿ ಬಂದು "ಆ ಜಾಗಾ ಸರಿ ಬಂತಿಲ್ಲೋ?" ಎಂದು ಕೇಳಿದ.

ಬಾಗಿಲು ತೆರೆದ ಪರೀಕ್ಷೆಯೆಂದರೆ ಬಂದವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಮರಳುವುದು ಖಂಡಿತ. ಇದು ಹಳ್ಳಿಯ ಕಟ್ಟೆಗಷ್ಟೇ ಅಲ್ಲ, ನ್ಯೂಯಾರ್ಕಿನ ಬ್ರಾಡ್‌ವೇಗೂ ಒಪ್ಪುವ ಮಾತು. ಅಲ್ಲಿ 1975ರಲ್ಲಿ ರಂಗಕ್ಕೆ ಬಂದ 'ಎ ಕೋರಸ್ ಲೈನ್' ಎಂಬ ಸಂಗೀತ ನಾಟಕದ ವಸ್ತುವೇ ಇಂಥ ಆಯ್ಕೆ. ಸಾಲಾಗಿ ನಿಂತ ನರ್ತಕರು ತಮ್ಮ ತಮ್ಮ ಬದುಕಿನ ಕಥೆ ಹೇಳುತ್ತಾರೆ. ಕೊನೆಗೆ ಕೆಲವರು ಉಳಿಯುತ್ತಾರೆ, ಉಳಿದವರು ಹೋಗುತ್ತಾರೆ. 1990ರವರೆಗೆ ಅದು 6137 ಪ್ರದರ್ಶನ ಕಂಡಿತು. ಆಯ್ಕೆಯಾಗದವರ ನೋವು ಎಲ್ಲ ದೇಶದ ಪ್ರೇಕ್ಷಕರಿಗೂ ಪರಿಚಿತವೇ.

ಆದರೆ ಹಾಡಿ ಸೋತು ಮರಳುವುದು ಬೇರೆ, ಹಾಡುವ ಅವಕಾಶವೇ ಸಿಗದಿರುವುದು ಬೇರೆ. ಅಂದಿನ ರಾತ್ರಿ ಕಟ್ಟೆಯಿಂದ ದೂರದಲ್ಲಿ, ಬೇವಿನ ಗಿಡದ ಕೆಳಗೆ ಅದೇ ಶಾಲೆಯ ಹೆಣ್ಣುಮಕ್ಕಳೂ ನಿಂತಿದ್ದರು. ಅವರಲ್ಲಿ ಚೆನ್ನಾಗಿ ಹಾಡುವವರಿದ್ದರು, ಅವರ ದನಿಯೂ ಒಡೆದಿರಲಿಲ್ಲ. ಆದರೆ ಅವರನ್ನು ಯಾರೂ ಕರೆಯಲಿಲ್ಲ. ಹೆಣ್ಣಿನ ಪಾತ್ರಕ್ಕೆ ಹೊರ ಊರಿನಿಂದ ವೃತ್ತಿ ಕಲಾವಿದೆಯರನ್ನು ಕರೆಸುವುದು ಹಳ್ಳಿಗಳ ರೂಢಿ. ಗಂಡಸರೇ ಸೀರೆ ಉಟ್ಟು ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿಯೇ ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತದ ಆಟವಾಡಿ ಮನೆಮಾತಾದರು. ಅಂಥ ನಾಡಿನಲ್ಲಿ ಊರ ಮಗಳು ಊರ ಕಟ್ಟೆಯ ಮೇಲೆ ಪ್ರಹ್ಲಾದನ ಹಾಡು ಹಾಡಿದರೆ ತಪ್ಪೇನು? ಶಾಲೆಯ ಸ್ನೇಹ ಸಮ್ಮೇಳನದಲ್ಲಿ ಚಪ್ಪಾಳೆ ತಟ್ಟುವ ತಂದೆ-ತಾಯಿಗಳೇ ಇದಕ್ಕೆ ಉತ್ತರ ಹೇಳಬೇಕು.

ಉತ್ತರ ಕರ್ನಾಟಕದ ಕನ್ನಡ ರಂಗಭೂಮಿಗೆ ನಾಂದಿ ಹಾಡಿದವರಲ್ಲಿ ಮೊದಲಿಗರಾದ ಶಾಂತಕವಿ ಸಕ್ಕರಿ ಬಾಳಾಚಾರ್ಯರು ವೃತ್ತಿಯಿಂದ ಶಾಲಾ ಮಾಸ್ತರರು. 1870ರ ದಶಕದಲ್ಲಿ ಅವರು ಗದುಗಿನಲ್ಲಿ ನಾಟಕ ಮಂಡಳಿ ಕಟ್ಟಿದರು. ಪಾಠ ಮತ್ತು ನಾಟಕ ಹಾವು-ಮುಂಗುಸಿ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ದಿನಕ್ಕೆ ಒಂದು ತಾಸು ಹಾಡಿದ್ದರಿಂದ ಪರೀಕ್ಷೆ ಕೆಡುವುದಿಲ್ಲ. ಒಂದು ಸಲ ನಕ್ಕ ನಗು ಎದೆಯಲ್ಲಿ ಕುಳಿತರೆ ಮಾತ್ರ ಪರೀಕ್ಷೆಯೂ ಕೆಡಬಹುದು, ಹಾಡೂ ಕೆಡಬಹುದು.

ಮಕ್ಕಳು ಇಂಥ ಪರೀಕ್ಷೆಯಿಂದ ಮನೆಗೆ ಬಂದಾಗ "ಸಿಕ್ಕಿತೇ?" ಎಂದು ಕೇಳುವ ಬದಲು "ಏನು ಹಾಡಿದಿ, ಎಲ್ಲಿ ಕಷ್ಟವಾಯಿತು?" ಎಂದು ಕೇಳಿದರೆ ಅರ್ಧ ಗೆದ್ದಂತೆ. ಕಟ್ಟೆಯ ಮೇಲೆ ಅಳೆದದ್ದು ಒಂದು ರಾತ್ರಿಯ ದನಿಯನ್ನು, ಮಗುವನ್ನಲ್ಲ. ಪಾತ್ರಕ್ಕೆ ದನಿ ಹೊಂದಲಿಲ್ಲ ಎಂದರೆ ಇಬ್ಬರಲ್ಲಿ ಯಾರದೂ ತಪ್ಪಲ್ಲ.

ಒಂದೆರಡು ವರ್ಷ ಕಳೆದ ಮೇಲೆ ಅದೇ ಊರಿನಲ್ಲಿ ಮತ್ತೊಂದು ನಾಟಕಕ್ಕೆ ಪಾತ್ರ ಹಂಚುವ ರಾತ್ರಿ ಬಂತು. ದನಿ ನೆಲೆಗೊಂಡ ಆ ಹುಡುಗ ಈಗ ಮಾಸ್ತರರ ಮಗ್ಗುಲಲ್ಲಿ ಕುಳಿತು ಪೇಟಿಯ ಭಾತೆ ಒತ್ತುತ್ತಿದ್ದ. ಕಟ್ಟೆ ಏರಿದ ಹುಡುಗನೊಬ್ಬನ ದನಿ ಮೇಲಿನ ಸ್ವರದಲ್ಲಿ ಒಡೆಯಿತು. ಮಂದಿ ನಗುವ ಮೊದಲೇ ಅವನು ಕೈ ಚಾಚಿ, ಕೆಳಗಿನ ಮನೆಯನ್ನು ಒತ್ತಿ ಹಿಡಿದ.