ಬಣ್ಣದ ಸರದಿ

ನಮ್ಮ ತರಗತಿಯ ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಜಾಲಪುಟಕ್ಕೆ ಏರಿಸುವ ಕೆಲಸ ಕಳೆದ ವರುಷ ನನ್ನ ಪಾಲಿಗೆ ಬಂತು. ಜಾಂಗೋ ಎಂಬ ತಂತ್ರಾಂಶದ ನೆರವಿನಿಂದ ಪುಟವನ್ನು ಕಟ್ಟಿದೆ. ಸಾಲುಗಳೆಲ್ಲ ಅಚ್ಚ ಬಿಳುಪು. ಅದೇ ಚೆಂದವೆಂದು ನನ್ನ ಹಮ್ಮು.

ಮರುದಿನ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಗಂಟುಮೂಟೆ ಕಟ್ಟುತ್ತಿದ್ದ. ಕಾರಣ ಕೇಳಿದರೆ, "ಫೇಲಾದೆನಪ್ಪಾ, ಊರಿಗೆ ಹೋಗುತ್ತೇನೆ" ಎಂದ. ಪಟ್ಟಿ ತೆರೆದು ನೋಡಿದೆ. ಅವನಿಗೆ 61 ಅಂಕ! ಚಿಕ್ಕ ಫೋನಿನ ಮೇಲೆ ಕಣ್ಣು ಜಾರಿ, ಕೆಳಗಿನ ಸಾಲಿನ 16ನ್ನು ತನ್ನದೆಂದು ಓದಿಕೊಂಡಿದ್ದ.

ಅಂದೇ ಸಾಲುಗಳಿಗೆ ಬಿಳುಪು, ಬೂದು ಎಂದು ಸರದಿಯಂತೆ ಬಣ್ಣ ಕೊಡಲು ಕುಳಿತೆ. 'ಸೈಕಲ್' ಎಂಬ ಸೂಚನೆಯೊಂದು ಇದಕ್ಕೆ ಒದಗುತ್ತದೆ. ಬಣ್ಣಗಳನ್ನು ಒಮ್ಮೆ ಬರೆದಿಟ್ಟರೆ, ಸಾಲಿಗೊಂದರಂತೆ ಕೊಡುತ್ತ ಹೋಗಿ, ಕೊನೆ ಮುಟ್ಟಿದೊಡನೆ ಮೊದಲಿನದಕ್ಕೆ ಮರಳುತ್ತದೆ. ಪಂಚಾಂಗದಲ್ಲಿ ಅಕ್ಷಯ ಸಂವತ್ಸರ ಕಳೆದು ಮತ್ತೆ ಪ್ರಭವ ಬರುವುದಿಲ್ಲವೇ? ಅಲ್ಲಿ 60 ಹೆಸರು, ಇಲ್ಲಿ 2, ಅಷ್ಟೇ ಭೇದ.

ಆದರೆ 'ಬಿ' ವಿಭಾಗದ ಪಟ್ಟಿ ಬೂದಿನಿಂದ ಆರಂಭವಾಯಿತು! ತಲೆಬರಹವೂ ಬೂದು, ಮೊದಲ ಹೆಸರು ಅದರೊಳಗೆ ಬೆರೆತುಹೋಯಿತು. 'ಎ' ವಿಭಾಗದಲ್ಲಿ ಇದ್ದವರು 37 ಮಂದಿ, ಬೆಸಸಂಖ್ಯೆ. ಒಂದು ಪಟ್ಟಿ ಮುಗಿದರೂ ಸೈಕಲ್ ತನ್ನ ಸರದಿಯನ್ನು ಮರೆಯದು. ಮರೆಸಲೆಂದೇ 2017ರ 1.11ನೆಯ ಆವೃತ್ತಿಯಲ್ಲಿ 'ರೀಸೆಟ್‌ಸೈಕಲ್' ಬಂದಿದೆ. ಪ್ರತಿ ವಿಭಾಗದ ಕೊನೆಗೆ ಅದನ್ನಿಟ್ಟೆ, ಎಲ್ಲವೂ ಸರಿಹೋಯಿತು.

ಬಣ್ಣವೆಂದರೆ ಬರಿಯ ಅಲಂಕಾರವೆಂದು ತಿಳಿದಿದ್ದೆ. ಓದುವ ಕಣ್ಣಿಗೆ ಅದು ಊರುಗೋಲೂ ಹೌದೆಂಬುದು ಗೆಳೆಯನ ಗಂಟುಮೂಟೆ ಕಂಡ ಮೇಲೆಯೇ ಅರಿವಾಯಿತು.